ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಇರಬೇಕೇ?

ಪರ: ಅರ್ಜಿ ಉಚಿತವಿರಲಿ, ಹುಡುಕಾಟಕ್ಕೆ ದರವಿರಲಿ

ಅರ್ಜಿ ಹಾಕಲು ಯಾರೂ ಒಂದು ಕಾಸೂ ಕೊಡಬೇಕಿಲ್ಲ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಶುಲ್ಕ ಬೇಕಿರುವುದು ಅದರ ಮುಂದಿನ ಕೆಲಸಕ್ಕೆ, ಅದೂ ಒಂದು ಮಿತಿ ದಾಟಿದ ಮೇಲೆ.

"ಈ ಸೇತುವೆಯ ಗುತ್ತಿಗೆಗೆ ಸಂಬಂಧಿಸಿದ ಮೂರು ವರ್ಷಗಳ ಎಲ್ಲ ಪತ್ರವ್ಯವಹಾರ ಕೊಡಿ" ಎಂದು ಒಂದೇ ಸಾಲಿನ ಅರ್ಜಿ ಬಂತೆನ್ನಿ. ಕಡತ ಯಾವ ಯಾವ ವಿಭಾಗದಲ್ಲಿದೆ ಎಂದು ಪತ್ತೆ ಮಾಡಬೇಕು. ಇಮೇಲ್ ಖಾತೆಗಳನ್ನು ಜಾಲಾಡಬೇಕು. ಒಂದೇ ಪತ್ರ ಹತ್ತು ಜನರ ಖಾತೆಯಲ್ಲಿ ಸಿಗುತ್ತದೆ, ಆ ನಕಲುಗಳನ್ನು ಬೇರ್ಪಡಿಸಬೇಕು. ಆಮೇಲೆ ಪ್ರತಿ ಪುಟ ಓದಿ ಖಾಸಗಿಯವರ ಫೋನ್ ನಂಬರ್, ಬ್ಯಾಂಕ್ ಖಾತೆ, ವ್ಯಾಪಾರದ ಗುಟ್ಟುಗಳನ್ನು ಮುಚ್ಚಬೇಕು. ಪಿಡಿಎಫ್ ಮೇಲೆ ಬರೀ ಕಪ್ಪು ಪಟ್ಟಿ ಎಳೆದು ಅಡಿಯ ಅಕ್ಷರಗಳನ್ನು ಅಳಿಸದೆ ಕಳಿಸಿದರೆ, ಯಾರು ಬೇಕಾದರೂ ಅದನ್ನು ನಕಲು ಮಾಡಿ ಓದಬಹುದು. ಹಾಗಾಗಿ ಇದು ಅವಸರದಲ್ಲಿ ಮುಗಿಸುವ ಕೆಲಸವಲ್ಲ.

ಅಮೆರಿಕದ 1966ರ ಕಾಯ್ದೆ ಈ ಹೊರೆಯನ್ನು ಹಂಚಿರುವ ರೀತಿ ನನಗೆ ಸರಿಯೆನಿಸುತ್ತದೆ. ವ್ಯಾಪಾರಕ್ಕಾಗಿ ಕೇಳುವವರು ಹುಡುಕಾಟ, ಪರಿಶೀಲನೆ, ನಕಲು ಪ್ರತಿ ಈ ಮೂರಕ್ಕೂ ಹಣ ಕಟ್ಟಬೇಕು. ಪತ್ರಕರ್ತರು, ಶಿಕ್ಷಣ ಸಂಸ್ಥೆಗಳು ಪ್ರತಿಯ ಖರ್ಚು ಮಾತ್ರ ಕೊಡುತ್ತವೆ, ಅದರಲ್ಲೂ ಮೊದಲ 100 ಪುಟ ಉಚಿತ. ಉಳಿದ ಸಾಮಾನ್ಯರಿಗೆ ಮೊದಲ 2 ಗಂಟೆಗಳ ಹುಡುಕಾಟವೂ 100 ಪುಟಗಳೂ ಉಚಿತ. ಮಾಹಿತಿ ಜನಹಿತಕ್ಕೆ ಬೇಕೆಂದು ತೋರಿಸಿದರೆ ಶುಲ್ಕವನ್ನೇ ಮನ್ನಾ ಮಾಡಿಸಿಕೊಳ್ಳಬಹುದು.

ದರವೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ನೋಡಿ. ಅಲ್ಲಿ 2005ರಿಂದ ಜಾರಿಯಲ್ಲಿರುವ ಕಾಯ್ದೆಯಲ್ಲಿ ಅರ್ಜಿ ಶುಲ್ಕವಿಲ್ಲ, ವೆಚ್ಚದ ಮಿತಿಯಿದೆ: ಕೇಂದ್ರ ಸರ್ಕಾರದ ಇಲಾಖೆಗಳಿಗೆ 600 ಪೌಂಡ್, ಉಳಿದ ಬಹುತೇಕ ಸಂಸ್ಥೆಗಳಿಗೆ 450. ಗಂಟೆಗೆ 25 ಪೌಂಡ್ ಲೆಕ್ಕದಲ್ಲಿ ಅದು 24 ಮತ್ತು 18 ಗಂಟೆಗಳ ಕೆಲಸ. ದಾಟಿದರೆ ಅರ್ಜಿ ತಿರಸ್ಕರಿಸಬಹುದು. ಹೆಚ್ಚಿನ ಹಣ ಪಡೆದು ಮಾಹಿತಿ ಕೊಡಲು ಅವಕಾಶವಿದೆ, ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಇನ್ನೊಂದು ತೊಡಕು, ಖಾಸಗಿ ವಿವರ ಮುಚ್ಚಲು ತಗಲುವ ಸಮಯ ಆ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಆ ಭಾರ ಹೆಚ್ಚಾದಾಗ ಇಲಾಖೆಗಳು "ಕಿರುಕುಳದ ಅರ್ಜಿ" ಎಂಬ ಕಲಮಿನ ಮೊರೆಹೋಗುತ್ತವೆ. ಪ್ರಾಮಾಣಿಕವಾಗಿ ಕೇಳಿದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಇಷ್ಟು ಖರ್ಚಾಗುತ್ತದೆ, ಹೀಗೆ ಕಿರಿದು ಮಾಡಿದರೆ ಉಚಿತ ಎಂಬ ಲಿಖಿತ ಅಂದಾಜು ಕೈಗೆ ಬಂದರೆ ಅವನಿಗೆ ಆಯ್ಕೆಯಾದರೂ ಉಳಿಯುತ್ತದೆ.

ಗಡುವು ಮೀರಿದ ಕಚೇರಿ ಶುಲ್ಕದ ಹಕ್ಕನ್ನೂ ಕಳೆದುಕೊಳ್ಳಬೇಕು. ಭಾರತದ 2005ರ ಕಾಯ್ದೆಯ 7(6)ನೇ ಕಲಮಿನಲ್ಲಿ ಈ ನಿಯಮವಿದೆ. ಅಮೆರಿಕ ಕೂಡ 2007ರ ತಿದ್ದುಪಡಿಯಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ಇದನ್ನು ತಂದಿತು.

ವಿರೋಧ: ದರ ಇಟ್ಟಲ್ಲೆಲ್ಲ ಪ್ರಶ್ನೆ ಸತ್ತಿದೆ

ಐರ್ಲೆಂಡ್ ಈ ಪ್ರಯೋಗ ಮಾಡಿ ನೋಡಿದೆ. 1997ರಲ್ಲಿ ಒಳ್ಳೆಯ ಕಾಯ್ದೆ ಬಂತು. 2003ರಲ್ಲಿ ಸರ್ಕಾರ ವೈಯಕ್ತಿಕವಲ್ಲದ ಮಾಹಿತಿ ಕೋರುವ ಅರ್ಜಿಗೆ 15 ಯೂರೋ, ಇಲಾಖೆಯೊಳಗಿನ ಮರುಪರಿಶೀಲನೆಗೆ 75, ಮಾಹಿತಿ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಲು 150 ಯೂರೋ ನಿಗದಿ ಮಾಡಿತು. ಅಂಥ ಅರ್ಜಿಗಳು ಅರ್ಧಕ್ಕಿಂತ ಹೆಚ್ಚು ಕುಸಿದವು. ಇಲಾಖೆಯ ತಪ್ಪು ತೀರ್ಮಾನವನ್ನು ಪ್ರಶ್ನಿಸಲು ಅರ್ಜಿಗಿಂತ ಹತ್ತು ಪಟ್ಟು ದುಡ್ಡು ಕೇಳಿದರೆ ಯಾರು ಮುಂದೆ ಬರುತ್ತಾರೆ? 2014ರ ಹೊಸ ಕಾಯ್ದೆ 15 ಯೂರೋ ಶುಲ್ಕ ತೆಗೆದುಹಾಕಿ ಉಳಿದೆರಡನ್ನು 30 ಮತ್ತು 50ಕ್ಕೆ ಇಳಿಸಿತು. ನಡುವಿನ ಹನ್ನೊಂದು ವರ್ಷ ಕೇಳದೇ ಉಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ.

ಅಷ್ಟು ಮಾಡಿ ಬೊಕ್ಕಸಕ್ಕೆ ಬರುವುದಾದರೂ ಏನು? ಅಮೆರಿಕದ ಕೇಂದ್ರ ಇಲಾಖೆಗಳು ಈ ಕಾಯ್ದೆಗಾಗಿ ಇತ್ತೀಚಿನ ವರ್ಷಗಳಲ್ಲಿ 50 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡುತ್ತಿವೆ. ಶುಲ್ಕದಿಂದ ಮರಳುವುದು ಅದರ ಶೇ. 1ಕ್ಕಿಂತ ಕಡಿಮೆ.

ಎದುರು ವಾದದವರು ಮೆಚ್ಚಿದ ವರ್ಗೀಕರಣದ ಬಗ್ಗೆ ನನ್ನ ದೊಡ್ಡ ತಕರಾರು ಇದೆ. ವ್ಯಾಪಾರಿಯೋ ಪತ್ರಕರ್ತನೋ ಎಂದು ತೀರ್ಮಾನಿಸಲು ಕಚೇರಿ "ನೀನು ಯಾರು, ಯಾಕೆ ಬೇಕು" ಎಂದು ಕೇಳಲೇಬೇಕಾಗುತ್ತದೆ. 1766ರಲ್ಲೇ ಕಡತ ತೆರೆದಿಟ್ಟ ಸ್ವೀಡನ್‌ನಲ್ಲಿ, ಗೋಪ್ಯತೆಯ ಪ್ರಶ್ನೆ ನಿರ್ಧರಿಸಲು ಅಗತ್ಯವಿದ್ದ ಹೊರತು, ಅಧಿಕಾರಿ ಹಾಗೆ ಕೇಳುವಂತಿಲ್ಲ. ಭಾರತದ ಕಾಯ್ದೆಯ 6(2)ನೇ ಕಲಮೂ ಕಾರಣ ಕೇಳಬಾರದು ಎನ್ನುತ್ತದೆ. ಸ್ಥಳೀಯ ಅಧಿಕಾರಿಯ ಅಕ್ರಮ ಹುಡುಕುತ್ತಿರುವವನಿಗೆ ಆ ರಕ್ಷಣೆ ಜೀವದ ಪ್ರಶ್ನೆಯೂ ಆಗಬಹುದು.

ಗಂಟೆಯ ಲೆಕ್ಕ ಇನ್ನೂ ಅನ್ಯಾಯ. ಕಡತಗಳಿಗೆ ಸೂಚಿಯಿಲ್ಲದ, ಇಮೇಲ್‌ಗಳನ್ನು ವಿಷಯವಾರು ಜೋಡಿಸದ ಕಚೇರಿಯಲ್ಲಿ ಹುಡುಕಾಟಕ್ಕೆ 20 ಗಂಟೆ ಬೇಕು. ಅಚ್ಚುಕಟ್ಟಾದ ಕಚೇರಿಯಲ್ಲಿ ಅದೇ ಕೆಲಸ 20 ನಿಮಿಷದ್ದು. ಅವರ ಅಸ್ತವ್ಯಸ್ತತೆಗೆ ದಂಡ ಕಟ್ಟುವವರು ನಾವು.

ಲಿಖಿತ ಅಂದಾಜನ್ನು ಅವರು ಆಯ್ಕೆ ಎನ್ನುತ್ತಾರೆ. ಬಳಕೆಯಲ್ಲಿ ಅದು ಗಡಿಯಾರ ನಿಲ್ಲಿಸುವ ಸಾಧನ. ಭಾರತದಲ್ಲಿ ಪುಟಕ್ಕೆ 2 ರೂಪಾಯಿ ಕಟ್ಟಿ ಎಂಬ ಪತ್ರ ಹೊರಟ ದಿನದಿಂದ ಹಣ ಸಂದಾಯವಾಗುವವರೆಗಿನ ದಿನಗಳು 30 ದಿನಗಳ ಗಡುವಿನಲ್ಲಿ ಸೇರುವುದಿಲ್ಲ. 28ನೇ ದಿನ ಆ ಪತ್ರ ಕಳಿಸಿದರೂ ಕಚೇರಿ ಗಡುವಿನೊಳಗೇ ಇದ್ದಂತೆ. ಇನ್ನು 10 ರೂಪಾಯಿಯ ಅರ್ಜಿ ಶುಲ್ಕ. ಮೊತ್ತ ಚಿಕ್ಕದು, ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ಎಂಬುದು ಚಿಕ್ಕದಲ್ಲ. ಹೆಸರು ತಪ್ಪಿದರೆ ಅರ್ಜಿ ವಾಪಸ್, ಮತ್ತೆ ಮೊದಲಿನಿಂದ ಶುರು. ಅಂಚೆಯಲ್ಲಿ ಕಳಿಸುವವರು ಕೇಂದ್ರದ ಕಚೇರಿಗಳಿಗೆ "ಅಕೌಂಟ್ಸ್ ಆಫೀಸರ್" ಹೆಸರಿಗೆ ತೆಗೆಸಿ, ಅದರ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆದು, ಪ್ರತಿ ಇಟ್ಟುಕೊಳ್ಳುವುದು ಕ್ಷೇಮ.

ದೊಡ್ಡ ಅರ್ಜಿಗಳ ಹೊರೆ ಸುಳ್ಳೆಂದು ನಾನು ಹೇಳುವುದಿಲ್ಲ. ಗುತ್ತಿಗೆ, ಬಿಲ್ಲು, ಅಳತೆ ಪುಸ್ತಕಗಳನ್ನು ಕೇಳುವ ಮೊದಲೇ ಜಾಲತಾಣಕ್ಕೆ ಹಾಕಿದರೆ ಅರ್ಧ ಅರ್ಜಿ ಬರುವುದೇ ಇಲ್ಲ. ಒಮ್ಮೆ ಒಬ್ಬರಿಗೆ ಕೊಟ್ಟ ಉತ್ತರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರೆ ಮತ್ತಷ್ಟು ಕಡಿಮೆ. ಕೆನಡಾ 2016ರಲ್ಲಿ 5 ಡಾಲರ್ ಅರ್ಜಿ ಶುಲ್ಕವೊಂದನ್ನು ಉಳಿಸಿ ಉಳಿದೆಲ್ಲ ಶುಲ್ಕ ಕೈಬಿಟ್ಟಿತು. ಆ 5 ಡಾಲರ್ ಕೂಡ ಹೋಗಬೇಕು. ಕಾಗದದ ಪ್ರತಿಯೇ ಬೇಕೆನ್ನುವವರಿಂದ ಅಚ್ಚು ಮತ್ತು ಅಂಚೆಯ ನಿಜ ವೆಚ್ಚ ಪಡೆಯಲಿ, ಅದಕ್ಕೆ ಅಭ್ಯಂತರವಿಲ್ಲ. 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಯುರೋಪಿನ ಟ್ರೊಮ್ಸೊ ಒಪ್ಪಂದ ಅಷ್ಟಕ್ಕೇ ಒಪ್ಪಿಗೆ ಕೊಟ್ಟಿದೆ: ಕಚೇರಿಯಲ್ಲಿ ಕೂತು ದಾಖಲೆ ನೋಡುವುದು ಉಚಿತ, ಪ್ರತಿಗೆ ಅಸಲು ಖರ್ಚಿಗಿಂತ ಹೆಚ್ಚು ಪಡೆಯುವಂತಿಲ್ಲ.