ಇನ್ನೊಂದೈನೂರು ಹಾಕಿದ್ರೆ...

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಾನು ಎರಡು ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದೆ. ಒಂದರಲ್ಲಿ ರೇಡಿಯೋ, ಅಂದ್ರೆ ಡ್ರೋನ್ ಹಾರಿಸೋಕೆ ಕೈಯಲ್ಲಿ ಹಿಡಿಯೋ ರಿಮೋಟು. ಇನ್ನೊಂದರಲ್ಲಿ ಹೆಬ್ಬೆರಳಿನ ಉಗುರಿನಷ್ಟು ರಿಸೀವರ್, ಅಂದ್ರೆ ಡ್ರೋನಿನಲ್ಲಿ ಕೂತು ರಿಮೋಟಿನ ಮಾತು ಕೇಳೋದು. ಎರಡನ್ನೂ ಬೈಂಡ್ ಮಾಡಬೇಕು, ಅಂದ್ರೆ ಒಂದಕ್ಕೊಂದು ಪರಿಚಯ ಮಾಡಿಸಬೇಕು. ಗುಂಡಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ರಿಸೀವರಿನ ಕೆಂಪು ದೀಪ ಮಿಣುಕು ಮಿಣುಕು ಅಂತಲೇ ಇತ್ತು. ಆಮೇಲೆ ಡಬ್ಬಿ ಮೇಲಿದ್ದದ್ದನ್ನು ಓದಿದೆ. ಓದೋದು ಯಾವಾಗಲೂ ಆಮೇಲೇ ಅಲ್ವಾ? ರೇಡಿಯೋದ ಭಾಷೆ ಇಎಲ್‌ಆರ್‌ಎಸ್, ರಿಸೀವರಿನ ಭಾಷೆ ಎಎಫ್‌ಎಚ್‌ಡಿಎಸ್ 2ಎ. ಎರಡೂ 2.4 ಗಿಗಾಹರ್ಟ್ಜ್. ಒಂದೇ ಓಣಿಯವು, ಆದ್ರೆ ಮಾತು ಬಿಟ್ಟವು.

ಇದಕ್ಕೆಲ್ಲ ಮೂಲ ನಮ್ಮ ಅಕ್ಕನ ಮಗ. ಎಂಜಿನಿಯರಿಂಗ್ ಎರಡನೇ ವರ್ಷ. ಹುಡುಗ ಒಳ್ಳೆಯವನೇ, ಬೀಡಿ ಸಿಗರೇಟು ಏನೂ ಇಲ್ಲ. ಇರೋ ಚಟ ಒಂದೇ. ಏನು ಕೇಳಿದ್ರೂ "ಮಾಮ, ಇನ್ನೊಂದೈನೂರು ಹಾಕಿದ್ರೆ..." ಅಂತ ಶುರು ಮಾಡ್ತಾನೆ.

ಬಿಡಿಭಾಗ ತರಿಸಿ ನಾನೇ ಒಂದು ಡ್ರೋನ್ ಜೋಡಿಸೋದು ಅಂತ ನನ್ನ ಲೆಕ್ಕ ಸಣ್ಣದಿತ್ತು. ಮೂರಿಂಚಿನ ಪ್ರೊಪೆಲ್ಲರ್, ಕ್ಯಾಮೆರಾ ಬೇಡ, ಹನ್ನೆರಡು ಸಾವಿರದೊಳಗೆ ಮುಗಿಸೋದು. ಮೆಕ್ಕೆಜೋಳ ಕಟಾವಾದ ಮೇಲೆ ದೊಡ್ಡಪ್ಪನ ಹೊಲದಲ್ಲಿ ಭಾನುವಾರ ಬೆಳಿಗ್ಗೆ ಹಾರಿಸೋದು, ಬೀಳಿಸೋದು, ಹುಡುಕೋದು. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗೆ ನ್ಯಾನೋ. ನಾನೂ ನ್ಯಾನೋ ಮನುಷ್ಯನೇ, ಸರಿಹೋಗುತ್ತೆ ಅಂದ್ಕೊಂಡಿದ್ದೆ.

ಸಲಹೆ ಕೇಳೋಕೆ ಅವನನ್ನ ಬೆಣ್ಣೆ ದೋಸೆಗೆ ಕರ್ಕೊಂಡು ಹೋದದ್ದೇ ತಪ್ಪಾಯ್ತು. ನನ್ನ ಫೋನನ್ನೇ ಇಸ್ಕೊಂಡು, ಬೆಣ್ಣೆ ಬೆರಳಲ್ಲೇ ಪರದೆ ತೀಡುತ್ತಾ ಶುರು ಮಾಡಿದ. "ಮೂರಿಂಚು ಗಾಳಿಗೆ ತೂರಾಡುತ್ತೆ ಮಾಮ. ಇನ್ನೊಂದೈನೂರು ಹಾಕಿದ್ರೆ ಐದಿಂಚೇ ಬರುತ್ತೆ." ಹಾಕಿದೆ. ಬ್ಯಾಟರಿ ಸೇರಿ ಅರ್ಧ ಕಿಲೋ ದಾಟಿತು, ಮೊದಲನೇ ದೋಸೆ ಮುಗಿಯೋದ್ರೊಳಗೆ ನ್ಯಾನೋದಿಂದ ಮೈಕ್ರೋಗೆ ನನಗೆ ಬಡ್ತಿ ಸಿಕ್ಕಿತ್ತು. ಐದಿಂಚು ಅಂದ್ಮೇಲೆ ಮೋಟಾರೂ ದೊಡ್ಡದೇ ಬೇಕು. 2207 ಅಂದ. ನಾನು ಮಾಡೆಲ್ ನಂಬರ್ ಅಂದ್ಕೊಂಡೆ. ಅಲ್ವಂತೆ, ಒಳಗಿನ ಸ್ಟೇಟರ್ 22 ಮಿಲಿಮೀಟರ್ ಅಗಲ, 7 ಮಿಲಿಮೀಟರ್ ಎತ್ತರ. ಅದರ ಪಕ್ಕದಲ್ಲಿ 2400 ಕೆವಿ ಅಂತಿತ್ತು. ಕಿಲೋವೋಲ್ಟ್ ಅಂದ್ಕೊಂಡು, ಮನೇಲಿ ಅಮ್ಮ ಇದ್ದಾರಪ್ಪ ಅಂದೆ. ಅವನು ನಕ್ಕಿದ್ದು ನೋಡಿ ಪಕ್ಕದ ಟೇಬಲಿನವರೂ ನಕ್ಕರು. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕವಂತೆ ಅದು. ಹಾಗಂತ ಬರೀಬಾರದಾ?

ಸರಿ, 2400 ಕೆವಿ ಆಯ್ತು, ಅದಕ್ಕೆ ನಾಲ್ಕು ಸೆಲ್ಲಿನ ಬ್ಯಾಟರಿ ಆಯ್ತು. ಎರಡನೇ ದೋಸೆ ಬಂತು. "ಮಾಮ, ಇನ್ನೊಂದೈನೂರು ಹಾಕಿದ್ರೆ ಆರು ಸೆಲ್ಲು." ಆರು ಸೆಲ್ಲಿಗೆ ವೋಲ್ಟೇಜ್ ಜಾಸ್ತಿ, 14.8 ಇದ್ದದ್ದು 22.2. ಹಾಗಾಗಿ 2400 ಕೆವಿ ಮೋಟಾರು ನಡೆಯಲ್ಲ, 1750ರ ಆಸುಪಾಸಿನದ್ದು ಬೇಕು. ಮೋಟಾರಿಗೆ ಕರೆಂಟು ಹಂಚೋ ಇಎಸ್‌ಸಿನೂ ಆರು ಸೆಲ್ಲು ತಡ್ಕೊಳ್ಳೋದೇ ಬೇಕು, ಅದಕ್ಕೆ ಇನ್ನೊಂದೈನೂರು. ಇವನ ಐನೂರು ರಿಸರ್ವ್ ಬ್ಯಾಂಕಿನ ಐನೂರಲ್ಲ. ಎಂಟುನೂರಕ್ಕೂ ಐನೂರೇ ಅಂತಾನೆ, ಎರಡೂವರೆ ಸಾವಿರಕ್ಕೂ ಐನೂರೇ ಅಂತಾನೆ. ಕಾವಲಿ ಮುಂದೆ ನಿಂತಿದ್ದ ಅಣ್ಣ, ಕೇಳದೇನೇ ದೋಸೆ ಮೇಲೆ ಇನ್ನೊಂದು ಮುದ್ದೆ ಬೆಣ್ಣೆ ಹಾಕಿ ಹೋದ. ಐನೂರು ಕೇಳಲಿಲ್ಲ. ಆ ದಿನ ಪೂರ್ತಿ ನನ್ನ ಫೋನು ಬೆರಳಚ್ಚಿಗೆ ತೆರೀಲೇ ಇಲ್ಲ.

ರಿಸೀವರ್ ಒಂದನ್ನು ಮಾತ್ರ ಅವನನ್ನ ಕೇಳದೆ ನಾನೇ ಆರಿಸಿದ್ದೆ, ಆಗ ನೋಡಿಟ್ಟಿದ್ದ ಅಗ್ಗದ ರೇಡಿಯೋಗೆ ಹೊಂದೋ ಹಾಗೆ. ಆಮೇಲೆ ರೇಡಿಯೋಗೂ ಅವನ ಐನೂರು ಬಿತ್ತು. ರಿಸೀವರ್ ಬದಲಿಸಬೇಕು ಅನ್ನೋದು ಅವನಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ಒಟ್ಟು ಇಪ್ಪತ್ತಾರು ಸಾವಿರ ಆಗಿದೆ. ಹಾರಿರೋದು ದುಡ್ಡು ಮಾತ್ರ.

ಇಂದು ಬೆಳಿಗ್ಗೆ ಎದ್ದು ನೋಡಿದ್ರೆ ಮೇಜಿನ ಮೇಲೆ ಬ್ಯಾಟರಿ ಇಲ್ಲ. "ಅಮ್ಮಾ, ಇಲ್ಲೊಂದು ಬ್ಯಾಟರಿ ಇತ್ತಲ್ಲ?" ಅಂದೆ. "ರಾತ್ರಿಯೆಲ್ಲಾ ನಿನ್ನ ರೇಡಿಯೋ ಹತ್ತಲಿಲ್ಲ ಅಂತ ಗೊಣಗ್ತಿದ್ದೆಲ್ಲಾ, ಸೆಲ್ಲು ಬಿಸಿಲಿಗಿಟ್ಟೀನಿ" ಅಂದರು. ನಾನು ಲುಂಗಿಯಲ್ಲೇ ಮಹಡಿಗೆ ಓಡಿದೆ. ಅದು ಲೈಪೋ, ಅಂದ್ರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಕಾದರೆ ಉಬ್ಬುತ್ತೆ, ಉಬ್ಬಿದ್ದು ಹತ್ತಿಕೊಂಡರೂ ಹತ್ತಿಕೊಂಡಿತೇ. ದಾವಣಗೆರೆಯ ಏಪ್ರಿಲ್ ಬಿಸಿಲು ಬೇರೆ. ಸೀರೆ ಹಾಸಿ ಸಂಡಿಗೆ ಇಟ್ಟಿದ್ರು, ಸಂಡಿಗೆ ಸಾಲಿನ ಕೊನೇಲಿ ನನ್ನ ಆರು ಸೆಲ್ಲಿನ ಬ್ಯಾಟರಿ, ಕಾಗೆ ಒಯ್ಯದ ಹಾಗೆ ಮೇಲೊಂದು ಕಲ್ಲು. ಮುಟ್ಟಿದೆ, ಬೆಚ್ಚಗಿತ್ತು ಅಷ್ಟೇ. ಉಬ್ಬಿರಲಿಲ್ಲ.

ಬೈಯೋಣ ಅಂತ ಕೆಳಗೆ ಬಂದೆ. "ನಿಮ್ಮಪ್ಪ ಹಂಗೇ ಮಾಡ್ತಿದ್ರು" ಅಂದರು. ಹೌದು, ಮಾಡ್ತಿದ್ರು. ಹತ್ತಿ ಮಿಲ್ಲಿನಿಂದ ಬಂದು, ತಲೆಗೂದಲಲ್ಲಿ ಸಿಕ್ಕಿದ ಅರಳೆ ಕೊಡವದೇ, ಮೊದಲು ಕಾಂಪೌಂಡ್ ಗೋಡೆ ಮೇಲೆ ಒಣಗೋಕಿಟ್ಟ ದಪ್ಪ ಸೆಲ್ಲುಗಳನ್ನ ತಂದು ರೇಡಿಯೋಗೆ ಹಾಕ್ತಿದ್ರು. ಭದ್ರಾವತಿ ಆಕಾಶವಾಣಿ ಕೊರಕೊರ ಅಂದ್ರೆ ಪಕ್ಕಕ್ಕೊಂದು ಏಟು. ಸರಿಹೋಗ್ತಿತ್ತು. ಮದುವೆಯಲ್ಲಿ ಬಂದ ರೇಡಿಯೋ ಅದು, ಕೊನೇವರೆಗೂ ಅದೊಂದೇ. ಅದಕ್ಕೆ ಅಪ್ಪ ಹಾಕಿದ್ದು ಬರೀ ಸೆಲ್ಲು.

ಬೈಯಲಿಲ್ಲ. ಅಳಿಯನಿಗೆ ಫೋನ್ ಮಾಡಿ ಇಎಲ್‌ಆರ್‌ಎಸ್ ರಿಸೀವರ್ ಒಂದು ಹೇಳು ಅಂದೆ. "ಮಾಮ, ಸಾದಾದ್ದು ಸಾಕು, ಆದ್ರೆ ಎರಡು ಆಂಟೆನಾದ್ದು..." ಅಂತ ಶುರು ಮಾಡಿದ, ಕಟ್ ಮಾಡಿದೆ.

ಅಷ್ಟರಲ್ಲಿ ಅಮ್ಮ ಕನ್ನಡಕ ಹಾಕ್ಕೊಂಡು ರೇಡಿಯೋ ಕೈಗೆತ್ತಿಕೊಂಡಿದ್ರು. "ಭದ್ರಾವತಿ ಎಲ್ಲಿ ಬರುತ್ತೆ ಇದ್ರಲ್ಲಿ?" ಬರಲ್ಲಮ್ಮ, ಇದು ಬೇರೆ ಅಂತ ಹೇಳೋದ್ರೊಳಗೆ ನಡುವಿನ ಗುಂಡಿ ಅದುಮಿಬಿಟ್ಟರು. ರೇಡಿಯೋ ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಸ್ವಾಗತ ಕೋರಿತು, ಆಮೇಲೆ "ಥ್ರಾಟಲ್ ವಾರ್ನಿಂಗ್" ಅಂದಿತು. ಆಫ್ ಮಾಡೋಕೆ ಕೈ ಚಾಚಿದೆ.

"ತಡಿ, ಇಂಗ್ಲಿಷ್ ವಾರ್ತೆ ಅದು" ಅಂದರು ಅಮ್ಮ. "ಮುಗಿದ ಮೇಲೆ ಕನ್ನಡ ಬರುತ್ತೆ."