ರಾಗಿಗೂ ಅಂಗಡಿ ಬೀಜ ಬೇಕಾ?

ನಿನ್ನೆ ಊರಿನಲ್ಲಿ ಬೀಜದ ಅಂಗಡಿ ಮುಂದೆ ಉದ್ದ ಸಾಲು. ಮುಸುಕಿನ ಜೋಳಕ್ಕಿರಬೇಕು ಅಂದುಕೊಂಡೆ. ಅಲ್ಲ, ರಾಗಿಗೆ! ಮನೆಯಲ್ಲಿ ಮೂಟೆಗಟ್ಟಲೆ ರಾಗಿ ಇರುವವರೇ ರಾಗಿ ಬೀಜದ ಪೊಟ್ಟಣಕ್ಕೆ ಕಾಯುತ್ತಿದ್ದರು. ಬಹಳ ಸಂಕಟವಾಯಿತು.

ಹೈಬ್ರಿಡ್ ಜೋಳದ ಮಾತು ಬೇರೆ. ಅದರ ಕಾಳನ್ನೇ ಮತ್ತೆ ಬಿತ್ತಿದರೆ ಇಳುವರಿ ಬೀಳುತ್ತದೆ, ವರ್ಷವರ್ಷ ಕೊಳ್ಳಲೇಬೇಕು. ರಾಗಿ ಹಾಗಲ್ಲ. ನಾಟಿ ರಾಗಿಯಾಗಲಿ, ಸುಧಾರಿತ ತಳಿ ಜಿಪಿಯು-28 ಆಗಲಿ, ಒಳ್ಳೆ ತೆನೆ ಆರಿಸಿ ಇಟ್ಟರೆ ಮುಂದಿನ ವರ್ಷವೂ ಅದೇ ರಾಗಿ.

ನಮ್ಮತ್ತೆ ಕೊಯ್ಲಿಗೆ ಮೊದಲೇ ಹೊಲದ ನಡುವೆ ಓಡಾಡಿ ತುಂಬಿದ ತೆನೆಗಳನ್ನು ಮಾತ್ರ ಮುರಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಬೆಂಕಿ ರೋಗ ತಗುಲಿ ಕತ್ತು ಕಪ್ಪಾದ ತೆನೆಯನ್ನು ಮುಟ್ಟುತ್ತಲೂ ಇರಲಿಲ್ಲ. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಮಡಕೆಗೆ ತುಂಬುತ್ತಿದ್ದರು. ಈ ಕೆಲಸ ಗೊತ್ತಿರುವ ಹೆಂಗಸರು ಊರಲ್ಲಿ ಈಗಲೂ ಇದ್ದಾರೆ. ಅವರನ್ನು ಕೇಳುವವರಿಲ್ಲ.

ರಾಗಿ ಬೀಜ ಕೊಂಡರೆ ಏನೀಗ ಅನ್ನಬೇಡಿ. ಪೊಟ್ಟಣದಲ್ಲಿ ಬರೋದು ರಾಗಿ ಮಾತ್ರ. ಅಕ್ಕಡಿ, ಅಂದರೆ ರಾಗಿ ನಡುವೆ ಸಾಲಾಗಿ ಬಿತ್ತುವ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಬರೋದಿಲ್ಲ. ಬೀಜದ ಮಡಕೆ ಹೋದ ಮನೆಗಳಲ್ಲಿ ಅಕ್ಕಡಿಯೂ ಹೋಗಿದೆ. ತೆನೆ ಕಟ್ಟುವಾಗ ಮಳೆ ಕೈಕೊಟ್ಟರೆ ರಾಗಿ ಜೊಳ್ಳು. ಆಗ ಬೇರು ಆಳಕ್ಕಿಳಿದ ತೊಗರಿ, ಚಳಿಗೆ ಕಾಯಿ ಬಿಡುವ ಅವರೆ ಸಾರಿಗಾದರೂ ಆಗುತ್ತಿದ್ದವು. ಈಗ ರಾಗಿ ಹೋದರೆ ಎಲ್ಲವೂ ಹೋದಂತೆ. ಬೇಳೆ, ಎಣ್ಣೆ ಎಲ್ಲವನ್ನೂ ರೈತನೇ ದುಡ್ಡು ಕೊಟ್ಟು ತರಬೇಕು.

"ಹಳೇ ಬೀಜ ನಂಬಿಕೊಂಡಿದ್ದರೆ ದೇಶದ ಹೊಟ್ಟೆ ತುಂಬುತ್ತಿತ್ತಾ?" ಅಂತ ಗೆಳೆಯನೊಬ್ಬ ಯಾವಾಗಲೂ ಕೇಳುತ್ತಾನೆ. ಇಳುವರಿ ಬೇಕು, ಯಾರು ಬೇಡ ಅಂದರು? ಆದರೆ ಮಂಡ್ಯದಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಹೆಚ್ಚು ಇಳುವರಿಯ ಇಂಡಾಫ್ ರಾಗಿ ಮಾಡಿದ್ದು ಹೇಗೆ? ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ. ಅಲ್ಲೂ ಇಲ್ಲೂ ರೈತರು ಬೀಜ ಉಳಿಸಿಕೊಂಡು ಬಂದಿದ್ದಕ್ಕೇ ಅಲ್ವಾ ಅದು ಆಗಿದ್ದು? ನಾಳೆ ಹೊಸ ರೋಗ ಬಂದರೆ ವಿಜ್ಞಾನಿಗಳು ಹುಡುಕೋದೂ ಆ ಹಳೇ ಬೀಜವನ್ನೇ.

ಸಾಲಿನಲ್ಲಿದ್ದ ಹಿರಿಯರೊಬ್ಬರು "ಬೀಜ ಇಟ್ಕೊಂಡ್ರೆ ಕೇಸ್ ಹಾಕ್ತಾರಂತಲ್ಲಪ್ಪಾ" ಅಂದರು. ಇಂಥ ಭಯ ಯಾರು ಹುಟ್ಟಿಸಿದರೋ! ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂದಿದ್ದು 2001ರಲ್ಲಿ. ಅದರ 39ನೇ ಕಲಂ ಪ್ರಕಾರ ರೈತ ತಾನು ಬೆಳೆದ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಇದನ್ನು ಪ್ರತಿ ಪಂಚಾಯಿತಿ ಗೋಡೆ ಮೇಲೆ ಬರೆಸಬೇಕು.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮ ನೋಡಿ. ಅಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಂಗಸರು ಬೀಜ ಬ್ಯಾಂಕ್ ನಡೆಸುತ್ತಾರೆ, ಸಿರಿಧಾನ್ಯದ ಬೀಜ ಉಳಿಸುತ್ತಾರೆ. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು. ಅವರಿಗೆ ಆಗಿದ್ದು ನಮಗೆ ಯಾಕಾಗಲ್ಲ?

ಈ ಮುಂಗಾರಿಗೆ ನಮ್ಮ ಹೊಲಕ್ಕೆ ಅಕ್ಕಡಿ ಹಾಕಿಸುತ್ತಿದ್ದೇನೆ. ರಾಗಿ, ತೊಗರಿ, ಅವರೆ ಹೊಂದಿಸಿಕೊಂಡಿದ್ದೇನೆ. ನಾಟಿ ಹುಚ್ಚೆಳ್ಳು ಎಲ್ಲೂ ಸಿಕ್ಕಿಲ್ಲ. ತುಮಕೂರು, ಹಾಸನದ ಕಡೆ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ, ಒಂದು ಪಾವು ಸಾಕು. ನಾನೇ ಬಂದು ತಗೊಂಡು ಹೋಗ್ತೀನಿ, ಬದಲಿಗೆ ನಮ್ಮ ಅವರೆ ಬೀಜ ಕೊಡ್ತೀನಿ.