ಗಿಡುಗ ಬೇಟೆಯಾಡುವಾಗ ಕಲ್ಲು ಎತ್ತಬೇಡಿ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಹಿತ್ತಲಲ್ಲಿ ಶಿಕ್ರಾ ಅನ್ನುವ ಗಿಡುಗವೊಂದು ಪಿಕಳಾರ ಹಕ್ಕಿಯನ್ನು ಹಿಡಿಯಿತು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ಬೇವಿನ ಮರದಿಂದ ಬೂದು ಬಣ್ಣದ್ದೇನೋ ನೆಲಕ್ಕೆ ತಾಗುವಷ್ಟು ಕೆಳಗೆ ಬಂದು ದಾಸವಾಳದ ಗಿಡಕ್ಕೆ ನುಗ್ಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನೆಲದ ಮೇಲಿತ್ತು. ಎರಡೂ ರೆಕ್ಕೆ ಬಿಚ್ಚಿ, ಹಿಡಿದದ್ದನ್ನು ಕೊಡೆಯ ಹಾಗೆ ಮುಚ್ಚಿಕೊಂಡಿತ್ತು. ಪಾರಿವಾಳದಷ್ಟು ಗಾತ್ರದ ಹಕ್ಕಿ. ಕಣ್ಣು ಮಾತ್ರ ಕೆಂಡದ ಹಾಗೆ ಕೆಂಪು. ಕಾಲಡಿಯಲ್ಲಿ ಪಿಕಳಾರ ಕಿರುಚುತ್ತಿತ್ತು.

ನಾನು ಕಲ್ಲು ಎಸೆದೆ. ಗಿಡುಗ ಹಾರಿಹೋಯಿತು. ಪಿಕಳಾರ ನನ್ನ ಅಂಗೈಯಲ್ಲೇ ಸತ್ತುಹೋಯಿತು. ಉಗುರು ಆಗಲೇ ಒಳಗೆ ಇಳಿದಿತ್ತು.

ನಾಲ್ಕು ದಿನ ಬಿಟ್ಟು ಅದೇ ಬೇವಿನಲ್ಲಿ ಗೂಡು ಕಂಡಿತು. ಒಳಗೆ ಬಿಳಿ ತುಪ್ಪಳದ ಎರಡು ಮರಿಗಳು. ಶಿಕ್ರಾ ಗಂಡಿಗೆ ಕಣ್ಣು ಕೆಂಪು, ಹೆಣ್ಣಿಗೆ ಹಳದಿ ಅಂತ ಎಷ್ಟೋ ವರ್ಷದ ಮೇಲೆ ತಿಳಿಯಿತು. ಮರಿಗಳು ಚಿಕ್ಕವಿದ್ದಾಗ ಬೇಟೆಯ ಭಾರವೆಲ್ಲ ಹೆಚ್ಚಾಗಿ ಗಂಡಿನ ಮೇಲೆ. ಅಂದು ನಾನು ಓಡಿಸಿದ್ದು ಅದನ್ನೇ. ಇವತ್ತಿಗೂ ನನಗೆ ಆ ಕಣ್ಣು ನೆನಪಾಗುತ್ತದೆ.

ಗಿಡುಗ ಅಂದರೆ ಸುಮ್ನೆ ಎರಗಿ ಎತ್ತಿಕೊಂಡು ಹೋಗುವ ಹಕ್ಕಿ ಅಂದುಕೊಂಡಿದ್ದೇವೆ, ಅಲ್ವಾ? ಅದು ಸುಳ್ಳು ಅಂತ ನನಗೆ ತೋರಿಸಿದ್ದು ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಹುಲ್ಲುಗಾವಲು. ಚಳಿಗಾಲದಲ್ಲಿ ಅಲ್ಲಿಗೆ ಹ್ಯಾರಿಯರ್ ಅನ್ನುವ ಗಿಡುಗದ ಜಾತಿಯ ಹಕ್ಕಿಗಳು ಬರುತ್ತವೆ. ಕಝಾಕಸ್ತಾನದ ಕಡೆಯ ಬಯಲುಗಳಲ್ಲಿ ಮರಿ ಮಾಡಿ, ಸಾವಿರಾರು ಕಿಲೋಮೀಟರ್ ಹಾರಿ ಬಂದು, ರಾತ್ರಿ ನಮ್ಮ ಹುಲ್ಲಿನ ನಡುವೆ ನೆಲದ ಮೇಲೇ ಮಲಗುವ ಹಕ್ಕಿಗಳು. ಒಂದು ಬೆಳಿಗ್ಗೆ ಇಬ್ಬನಿಯಲ್ಲಿ ಪೊದೆಯ ಪಕ್ಕ ಕೂತಿದ್ದೆ. ಒಂದು ಹ್ಯಾರಿಯರ್ ಸೊಂಟದೆತ್ತರದಲ್ಲಿ ತೇಲುತ್ತಾ ನೇರ ನನ್ನ ಕಡೆಗೇ ಬಂತು. ಹತ್ತು ಅಡಿ ದೂರವೂ ಇರಲಿಲ್ಲ. ಮುಖ ಗೂಬೆಯ ಹಾಗೆ ದುಂಡಗೆ. ಆ ದುಂಡು ಮುಖವೇ ಹುಲ್ಲಿನೊಳಗಿನ ಸದ್ದನ್ನು ಕಿವಿಗೆ ಸೇರಿಸುತ್ತದೆ. ಅದು ಹುಲ್ಲನ್ನು ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿತ್ತು. ನಾನು ಉಸಿರು ಬಿಟ್ಟೆ ಅನಿಸುತ್ತದೆ, ಥಟ್ಟನೆ ಪಕ್ಕಕ್ಕೆ ವಾಲಿ ಹೋಯಿತು.

ಮುಂದಿನ ಒಂದು ಗಂಟೆ ಅದರ ಹಿಂದೆಯೇ ನನ್ನ ಕಣ್ಣು. ಒಂಬತ್ತು ಸಲ ಹುಲ್ಲಿಗೆ ಬಿತ್ತು. ಎಂಟು ಸಲ ಬರಿಗಾಲಲ್ಲಿ ಎದ್ದಿತು. ಒಂಬತ್ತನೇ ಸಲ ಸಿಕ್ಕಿದ್ದು ಒಂದು ಮಿಡತೆ.

ಅದಕ್ಕೇ ಈಗಿನ ಒಂದು ಚಾಳಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಫೋಟೋಗಾಗಿ ಇಲಿಯನ್ನೋ ಓತಿಕ್ಯಾತವನ್ನೋ ದಾರದಲ್ಲಿ ಕಟ್ಟಿ ಗಿಡುಗವನ್ನು ಕರೆಯುತ್ತಾರೆ. ನಾನೇ ಒಂದು ಕಡೆ ಕಂಡಿದ್ದೇನೆ. ಅದೇ ಮೋಟು ಮರ, ಅದೇ ಬೆಳಕು, ಎದುರಿಗೆ ಸಾಲಾಗಿ ಲೆನ್ಸ್‌ಗಳು. ಹಿಂದೆ ಇದೇ ಶಿಕ್ರಾವನ್ನು ಸಾಕಿ ಲಾವುಗೆ, ಗೌಜಲು ಹಿಡಿಸುತ್ತಿದ್ದರು. ಅದರ ಹೆಸರೂ ಶಿಕಾರಿ ಅನ್ನುವ ಮಾತಿನಿಂದಲೇ ಬಂದದ್ದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಾಗೆ ಹಿಡಿದು ಸಾಕುವುದು ಅಪರಾಧ. ಸರಿ, ಈಗ ಕೈಮೇಲೆ ಕೂರಿಸುವುದಿಲ್ಲ. ಆದರೆ ಕಟ್ಟಿಹಾಕಿದ ಇಲಿಗೆ ದಿನಾ ಬರುವ ಹಾಗೆ ಮಾಡಿದರೆ ಅದೂ ಪಳಗಿಸಿದ ಹಾಗೇ ಆಯಿತು. ಹಕ್ಕಿಗೆ ಮನುಷ್ಯರ ಭಯ ಹೋಗುತ್ತದೆ. ನಾಳೆ ಕಲ್ಲೋ ಬಲೆಯೋ ಹಿಡಿದು ಬರುವವನೂ ಮನುಷ್ಯನೇ. ಆ ಇಲಿಯ ಹಿಂಸೆಯಂತೂ ಇನ್ನೂ ಜಾಸ್ತಿ. ಓಡಿ ತಪ್ಪಿಸಿಕೊಳ್ಳುವ ದಾರಿಯನ್ನೇ ಅದರಿಂದ ಕಿತ್ತುಕೊಂಡಿರುತ್ತಾರೆ. ಹ್ಯಾರಿಯರ್‌ನಿಂದ ಎಂಟು ಸಲ ತಪ್ಪಿಸಿಕೊಂಡವುಗಳಿಗೆ ಆ ದಾರಿ ಇತ್ತು.

ಕೋಳಿಮರಿ ಹೋಗುತ್ತದೆ ಅನ್ನುವವರ ಕಷ್ಟ ಬೇರೆ. ನಮ್ಮಜ್ಜಿ ಮಂಕರಿ ಕವುಚಿ ಮರಿ ಕಾಯುತ್ತಿದ್ದಳು. ಗಿಡುಗಕ್ಕೆ ಬೈಯುತ್ತಿದ್ದಳು, ಗೂಡು ಮಾತ್ರ ಕೀಳಲು ಬಿಡಲಿಲ್ಲ.

ಈ ಬೇಸಿಗೆಯಲ್ಲೂ ನಮ್ಮ ಬೇವಿನಲ್ಲಿ ಶಿಕ್ರಾ ಗೂಡಿದೆ. ಮೊನ್ನೆ ಅಂಗಳದಲ್ಲಿ ಒಂದು ಓತಿಕ್ಯಾತವನ್ನು ಹಿಡಿದು ಕೂತಿತ್ತು. ನಾಯಿಯನ್ನು ಒಳಗೆ ಕಟ್ಟಿ, ಮಗಳನ್ನು ಕರೆದು, ಇಬ್ಬರೂ ಬಾಗಿಲ ಸಂದಿಯಿಂದ ನೋಡಿದೆವು. ಅದೇ ಕೆಂಪು ಕಣ್ಣು. ಒಮ್ಮೆ ನಮ್ಮ ಕಡೆ ತಿರುಗಿತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು, ಸದ್ದು ಮಾಡಲಿಲ್ಲ. ಅದು ಬೇಟೆಯನ್ನು ಎತ್ತಿಕೊಂಡು ಬೇವಿನ ಕಡೆಗೆ ಹಾರಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಮರಿಗಳ ಕೂಗು ಕೇಳಿಸಿತು.